ಹದಿಹರೆಯದ ಶಿಕ್ಷಣವೂ ಆರೋಗ್ಯನೀತಿಯೂ: ಒಂದು ವರದಿಯ ಪರಾಮರ್ಶೆ

೧

ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವನ್ನು ಕೊಡಬಹುದೇ ಕೊಡಬಾರದೇ ಎಂಬ ಪ್ರಶ್ನೆಯನ್ನು ಕುರಿತು ರಾಜ್ಯಸಭೆಯ ಅರ್ಜಿಗಳ ಸಮಿತಿಯು ೨೦೦೯ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಒಂದು ವರದಿಯನ್ನು ಒಪ್ಪಿಸಿತು. ಶ್ರೀ ಎಂ. ವೆಂಕಯ್ಯ ನಾಯುಡು ಅವರು ಸಮಿತಿಯ ಅಧ್ಯಕ್ಷರಾಗಿದ್ದರು. ಈ ವರದಿಯನ್ನು ಹೊಗಳಿದವರೂ ಉಂಟು, ಹಳಿದವರೂ ಉಂಟು. ಆದರೆ ಹೊಗಳುವುದಾಗಲಿ ಹಳಿಯುವುದಾಗಲಿ ಓದುವುದಕ್ಕೆ ಬದಲಾಗಲಾರದು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅದು ಮೊದಲು ಒಂದು ದಾಖಲೆ. ಶಾಸನವೊಂದನ್ನೋ ಕಡತವೊಂದನ್ನೋ ಪರೀಕ್ಷಿಸುವ ಕ್ರಮದಲ್ಲಿಯೇ ಅದನ್ನೂ ಪರೀಕ್ಷಿಸತಕ್ಕದ್ದು. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು? ಅದರ ಮಾತುಗಳು ಒಂದಕ್ಕೊಂದು ಹೊಂದುತ್ತವೆಯೇ? ಹಿಂದಿನ ಕಾಲದ ಹೆಸರಿನಲ್ಲಿ ಅದು ಹೇಳುವ ಮಾತಿಗೆ ಹಿಂದಿನ ಕಾಲದ ಸಾಕ್ಷ್ಯವುಂಟೇ? ಕೊನೆಯದಾಗಿ, ಅದರ ಪುಟಗಳಲ್ಲಿ ಯಾರು ಕಾಣಿಸುತ್ತಾರೆ, ಯಾರು ಕಾಣಿಸುವುದಿಲ್ಲ? ಈ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ವರದಿ ಹಳೆಯದಾಯಿತು, ಈಗ ಅದರ ಗೊಡವೆ ಏಕೆ ಎಂದು ಕೇಳಬಹುದು. ಅದರ ಶಿಫಾರಸುಗಳಲ್ಲಿ ಕೆಲವು ಜಾರಿಗೆ ಬಂದಿರಬಹುದು, ಕೆಲವು ಬಾರದಿರಬಹುದು. ಅದರ ವಿಚಾರಸರಣಿ ಮಾತ್ರ ಇಂದಿಗೂ ಜೀವಂತವಾಗಿದೆ. ಊರಿನ ಶಾಲೆಯ ಪಾಲಕರ ಸಭೆಯಲ್ಲಿ ಈ ವಿಷಯ ಬಂದಾಗ ಕೇಳಿಬರುವ ವಾದಗಳಿಗೂ ವರದಿಯ ವಾದಗಳಿಗೂ ಹೆಚ್ಚಿನ ಅಂತರವಿಲ್ಲ. ಆದುದರಿಂದ ವರದಿಯ ವಿಮರ್ಶೆಯು ನಮ್ಮ ನಡುವಿನ ಒಂದು ರೂಢಮೂಲವಾದ ಮನೋಧರ್ಮದ ವಿಮರ್ಶೆಯೂ ಆಗುತ್ತದೆ.

೨

ಮೊದಲು ಹಿನ್ನೆಲೆ. ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊಟ್ಟಮೊದಲಿಗೆ ಪತ್ತೆಯಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ೧೯೯೨ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಏರ್ಪಟ್ಟಿತು. ಮುಂದಿನ ಒಂದೂವರೆ ದಶಕದಲ್ಲಿ ಸೋಂಕು ಅಧಿಕವಾಗಿದ್ದ ಆರು ರಾಜ್ಯಗಳನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು: ಮಹಾರಾಷ್ಟ್ರ, ತಮಿಳುನಾಡು, ಆಂಧ್ರಪ್ರದೇಶ, ಮಣಿಪುರ, ನಾಗಾಲ್ಯಾಂಡ್, ಮತ್ತು ನಮ್ಮ ಕರ್ನಾಟಕ. ಇಂಥ ಸಂದರ್ಭದಲ್ಲಿ, ೨೦೦೫ರಲ್ಲಿ, ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವೂ ಏಡ್ಸ್ ನಿಯಂತ್ರಣ ಸಂಸ್ಥೆಯೂ ಜೊತೆಗೂಡಿ ‘ಹದಿಹರೆಯದ ಶಿಕ್ಷಣ ಕಾರ್ಯಕ್ರಮ’ವನ್ನು ಆರಂಭಿಸಿದವು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ದೇಹದ ಬೆಳವಣಿಗೆ, ಸೋಂಕಿನಿಂದ ರಕ್ಷಣೆ, ವಿವೇಕದಿಂದ ನಿರ್ಧಾರ ಮಾಡುವ ಜೀವನಕೌಶಲಗಳು, ಇವುಗಳನ್ನು ತಿಳಿಸಿಕೊಡುವುದು ಅದರ ಗುರಿಯಾಗಿತ್ತು.

ಕಾರ್ಯಕ್ರಮದ ಪಠ್ಯಸಾಮಗ್ರಿ, ಅದರಲ್ಲಿಯೂ ದೇಹರಚನೆಯ ಚಿತ್ರಪಟಗಳು, ೨೦೦೭ರಲ್ಲಿ ದೊಡ್ಡ ಗಲಭೆಗೆ ಕಾರಣವಾದವು. ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್, ಕರ್ನಾಟಕ ಮುಂತಾದ ರಾಜ್ಯಗಳು ಕಾರ್ಯಕ್ರಮವನ್ನು ತಡೆಹಿಡಿದವು. ಆಗ ಈ ರಾಜ್ಯಗಳಲ್ಲಿ ಆಳುತ್ತಿದ್ದವು ಬೇರೆಬೇರೆ ಪಕ್ಷಗಳು ಎಂಬುದನ್ನು ಗಮನಿಸಬೇಕು: ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ಸಿನ ಮೈತ್ರಿಕೂಟ, ಗುಜರಾತ್ ಮತ್ತು ಮಧ್ಯಪ್ರದೇಶಗಳಲ್ಲಿ ಭಾರತೀಯ ಜನತಾ ಪಕ್ಷ, ಕರ್ನಾಟಕದಲ್ಲಿ ಜನತಾದಳ ಮತ್ತು ಭಾರತೀಯ ಜನತಾ ಪಕ್ಷಗಳ ಕೂಡಾವಳಿ. ಈ ವಿರೋಧವನ್ನು ಯಾವುದೋ ಒಂದು ಪಕ್ಷದ ತತ್ತ್ವಕ್ಕೆ ಕಟ್ಟಿಹಾಕುವವರು ವಿಷಯವನ್ನು ಹಗುರಮಾಡುತ್ತಾರೆ. ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಎರಡು, ತಿಳಿವಳಿಕೆಯ ಪಾಠವನ್ನು ನಿಲ್ಲಿಸಿದ ರಾಜ್ಯಗಳ ಪಟ್ಟಿಯಲ್ಲಿಯೂ ಇದ್ದವು ಎಂಬುದೇ ಇಲ್ಲಿ ನೆನಪಿಡತಕ್ಕ ಸಂಗತಿ. ಈ ಗಲಭೆಯ ಕಾಲದಲ್ಲಿ ರಾಜ್ಯಸಭೆಗೆ ಬಂದ ಒಂದು ಅರ್ಜಿಯೇ ನಮ್ಮ ವರದಿಯ ಮೂಲ. ರಾಷ್ಟ್ರವ್ಯಾಪಿಯಾದ ಚರ್ಚೆ ನಡೆದು ಒಮ್ಮತ ಮೂಡುವವರೆಗೆ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವನ್ನು ತಡೆದಿಡಬೇಕೆಂಬುದು ಅರ್ಜಿಯ ಪ್ರಾರ್ಥನೆಯಾಗಿತ್ತು.

೩

ವರದಿಯ ಸಾರಾಂಶ ಹೀಗಿದೆ. ‘ಹದಿಹರೆಯದ ಶಿಕ್ಷಣ’ ಎಂಬುದು ಲೈಂಗಿಕ ಶಿಕ್ಷಣಕ್ಕೆ ಕೊಟ್ಟ ನಯವಾದ ಹೆಸರು ಮಾತ್ರ. ಅಂಥ ಶಿಕ್ಷಣವು ನಮ್ಮ ಸಾಮಾಜಿಕ, ಸಾಂಸ್ಕೃತಿಕ ನೆಲೆಗೆ ಒಗ್ಗದು. ಶಾಲೆಗಳಲ್ಲಿ ಅದು ಬೇಡ. ವಿವಾಹಕ್ಕೆ ಮುಂಚಿನ ಲೈಂಗಿಕ ಸಂಬಂಧವು ಅನೈತಿಕವೂ ಅನಾರೋಗ್ಯಕರವೂ ಆದುದೆಂದು ಮಕ್ಕಳಿಗೆ ತಿಳಿಸಬೇಕು. ಬಾಲ್ಯವಿವಾಹ ಕಾನೂನಿಗೆ ವಿರುದ್ಧವೆಂದೂ, ಹದಿನಾರು ವರ್ಷ ತುಂಬದವಳೊಡನೆ ಆಕೆಯ ಒಪ್ಪಿಗೆಯಿಂದಲೇ ನಡೆದರೂ ಸಂಭೋಗವು ಅತ್ಯಾಚಾರವೆನಿಸುತ್ತದೆಂದೂ ಅವರು ತಿಳಿದಿರಬೇಕು. ಹದಿಹರೆಯದ ದೇಹ ಮತ್ತು ಮನಸ್ಸಿನ ಬೆಳವಣಿಗೆ, ಎಚ್.ಐ.ವಿ., ಇತರ ಲೈಂಗಿಕ ರೋಗಗಳು, ಇವುಗಳನ್ನು ಕುರಿತ ಪಾಠಗಳನ್ನು ಈಗಿರುವ ಸ್ಥಳದಿಂದ ತೆಗೆದು ಹನ್ನೊಂದು, ಹನ್ನೆರಡನೆಯ ತರಗತಿಗಳ ಜೀವಶಾಸ್ತ್ರದ ಪುಸ್ತಕಕ್ಕೆ ಸೇರಿಸಬೇಕು. ಅದಕ್ಕೆ ಮುಂಚೆ ಬೇಡ. ಸಂತರ ಮತ್ತು ಸ್ವಾತಂತ್ರ್ಯವೀರರ ಚರಿತ್ರೆಗಳಿಗೆ ಪಠ್ಯದಲ್ಲಿ ಹೆಚ್ಚಿನ ಸ್ಥಾನ ಸಿಗಬೇಕು.

ಇದರಲ್ಲಿ ಒಪ್ಪತಕ್ಕ ಅಂಶಗಳಿಲ್ಲವೆಂದು ಹೇಳುವುದು ನ್ಯಾಯವಾಗಲಾರದು. ಪಾಲಕರನ್ನು ಕೇಳದೆ, ಶಿಕ್ಷಕರನ್ನು ಚೆನ್ನಾಗಿ ಸಿದ್ಧಗೊಳಿಸದೆ, ಮೇಲಿನಿಂದ ಇಳಿದುಬಂದ ಪಠ್ಯವನ್ನು ತರಗತಿಯಲ್ಲಿ ಬಿಚ್ಚಿದರೆ ಶಿಕ್ಷಕನೂ ನಾಚುತ್ತಾನೆ, ವಿದ್ಯಾರ್ಥಿಯೂ ನಗುತ್ತಾನೆ. ಹೆಸರಿನ ವಿಷಯದಲ್ಲಿ ಸಮಿತಿಯ ಆಕ್ಷೇಪವೂ ಸರಿಯಾದುದೇ. ಲೈಂಗಿಕ ಶಿಕ್ಷಣವನ್ನೇ ಕೊಡಬೇಕೆಂದಿರುವ ಸರ್ಕಾರ ಅದನ್ನು ಆ ಹೆಸರಿನಿಂದ ಕರೆಯಲು ಅಂಜಿತು. ಅಂಜಿದವನ ಮಾತನ್ನು ಕೇಳುವವರು ಶಂಕಿಸುವುದು ಸಹಜ. ಬಾಲ್ಯವಿವಾಹದ ಕಾನೂನನ್ನು ಮಕ್ಕಳು ತಿಳಿಯಬೇಕೆಂಬ ಮಾತಂತೂ ಸರ್ವಥಾ ಒಪ್ಪತಕ್ಕದ್ದು.

೪

ಹೀಗಿರಲು, ವರದಿಯ ದೋಷವಿರುವುದೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಅದು ತನ್ನದೇ ಮಾತುಗಳನ್ನು ಕೊನೆಯವರೆಗೆ ಹಿಂಬಾಲಿಸುವುದಿಲ್ಲ. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು, ಪಾಠದ ಸ್ಥಳ. ಹನ್ನೊಂದನೆಯ ತರಗತಿಯಿಂದ ಮುಂದೆ ಜೀವಶಾಸ್ತ್ರವನ್ನು ಓದುವವರು ವಿಜ್ಞಾನದ ವಿದ್ಯಾರ್ಥಿಗಳಲ್ಲಿಯೂ ಒಂದು ಭಾಗ ಮಾತ್ರ. ಕಲೆ ಮತ್ತು ವಾಣಿಜ್ಯವನ್ನು ಆರಿಸಿಕೊಂಡವರಿಗೆ ಆ ಪುಸ್ತಕದ ಮುಖದರ್ಶನವೂ ಆಗುವುದಿಲ್ಲ. ಹತ್ತನೆಯ ತರಗತಿಯನ್ನು ಮುಗಿಸುವ ಮುಂಚೆಯೇ ಶಾಲೆ ಬಿಟ್ಟು ಗದ್ದೆಗೂ ಗಾರ್ಮೆಂಟ್ ಕಾರ್ಖಾನೆಗೂ ಹೋದ ಮಕ್ಕಳ ಮಾತಂತೂ ಹೇಳುವಂತೆಯೇ ಇಲ್ಲ. ಅಂದಮೇಲೆ ಸಮಿತಿಯು ಪಾಠವನ್ನು ಎರಡು ಮೂರು ವರ್ಷ ಮುಂದಕ್ಕೆ ಹಾಕಿತೆಂದು ಹೇಳುವುದು ಪೂರ್ತಿ ಸರಿಯಲ್ಲ. ಬಹುಸಂಖ್ಯಾತ ಮಕ್ಕಳ ಪಾಲಿಗೆ ಅದು ಪಾಠವನ್ನೇ ಇಲ್ಲವಾಗಿಸಿತು. ಸೋಂಕು ವೈದ್ಯನಾಗಬೇಕೆಂದಿರುವ ವಿದ್ಯಾರ್ಥಿಯನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲವಷ್ಟೆ!

ಎರಡನೆಯದು, ವಿವಾಹ. ‘ವಿವಾಹಕ್ಕೆ ಮುಂಚೆ ಬೇಡ’ ಎಂಬ ಉಪದೇಶದ ಹಿಂದೆ, ವಿವಾಹವು ವಯಸ್ಸು ಬಂದಮೇಲೆ, ಶಾಲೆ ಮುಗಿದಮೇಲೆ ಆಗುತ್ತದೆಂಬ ನಂಬಿಕೆಯಿದೆ. ವಾಸ್ತವಾಂಶ ಬೇರೆ. ೨೦೦೫–೦೬ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಮಹಿಳೆಯರಲ್ಲಿ ಶೇಕಡಾ ೪೭.೪ ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಸಮಿತಿ ಕುಳಿತಿದ್ದ ಕಾಲದ ಭಾರತ ಇದು. ಜೀವಶಾಸ್ತ್ರದ ಪಾಠ ಬರುವ ವೇಳೆಗೆ ಈ ಹುಡುಗಿಯರಲ್ಲಿ ಅನೇಕರು ಹೆಂಡತಿಯರಾಗಿದ್ದರು, ಕೆಲವರು ತಾಯಂದಿರೂ ಆಗಿದ್ದರು. ವಿವಾಹಪೂರ್ವ ಸಂಯಮದ ಬೋಧನೆಯು ಇವರಿಗೆ ಏನನ್ನು ಹೇಳುತ್ತದೆ? ಏನನ್ನೂ ಹೇಳುವುದಿಲ್ಲ. ಇವರಿಗೆ ಬೇಕಾಗಿದ್ದುದು ದೇಹದ ತಿಳಿವಳಿಕೆ, ಗರ್ಭದ ತಿಳಿವಳಿಕೆ, ಬೇಡವೆನ್ನುವ ಹಕ್ಕಿನ ತಿಳಿವಳಿಕೆ. ೨೦೧೯–೨೧ರ ಐದನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ದೇಶದಲ್ಲಿ ಶೇಕಡಾ ೨೩.೩ಕ್ಕೆ ಇಳಿದಿತ್ತು, ಕರ್ನಾಟಕದಲ್ಲಿ ಶೇಕಡಾ ೨೧.೩ ಇತ್ತು. ಇಳಿತ ಸಂತೋಷದ ವಿಷಯವೇ. ಆದರೆ ಐವರಲ್ಲಿ ಒಬ್ಬಳು ಎಂಬ ಲೆಕ್ಕ ಸಣ್ಣದಲ್ಲ.

ಮೂರನೆಯದು, ಕಾನೂನು. ಹದಿನಾರರೊಳಗಿನ ಸಂಭೋಗ ಅತ್ಯಾಚಾರವೆಂದು ಮಕ್ಕಳು ತಿಳಿಯಬೇಕು ಎನ್ನುತ್ತದೆ ವರದಿ. ಆದರೆ ಸಂಭೋಗವೆಂದರೇನು ಎಂಬುದನ್ನು ಶಾಲೆ ಹೇಳಬಾರದು! ಅಪರಾಧದ ಹೆಸರನ್ನು ಕಲಿಸಿ, ಕೃತ್ಯದ ಅರ್ಥವನ್ನು ಮುಚ್ಚಿಡುವ ಪಾಠ ಹೇಗಿದ್ದೀತು? ಇದೂ ಅಲ್ಲದೆ, ಅಂದಿನ ಭಾರತೀಯ ದಂಡಸಂಹಿತೆಯಲ್ಲಿ ಹದಿನೈದು ತುಂಬಿದ ಹೆಂಡತಿಯೊಡನೆ ಗಂಡನ ಸಂಭೋಗವು ಅತ್ಯಾಚಾರವಲ್ಲವೆಂಬ ವಿನಾಯಿತಿ ಇತ್ತು. ಅಂದರೆ ಹದಿನೈದರ ಹುಡುಗಿಯನ್ನು ಕಾಯುತ್ತಿದ್ದ ಕಾನೂನು, ಅವಳ ಕೊರಳಿಗೆ ತಾಳಿ ಬಿದ್ದೊಡನೆ ಕೈಬಿಡುತ್ತಿತ್ತು. ಸರ್ವೋಚ್ಚ ನ್ಯಾಯಾಲಯವು ೨೦೧೭ರ ಅಕ್ಟೋಬರಿನಲ್ಲಿ ತೀರ್ಪಿತ್ತ ಮೇಲೆ ಹದಿನೆಂಟರೊಳಗಿನ ಹೆಂಡತಿಗೂ ರಕ್ಷಣೆ ದೊರೆಯಿತು. ಕಾನೂನನ್ನು ಕಲಿಸಬೇಕೆಂದ ಸಮಿತಿ, ಬಾಲ್ಯವಿವಾಹ ತಪ್ಪೆಂದ ಸಮಿತಿ, ಈ ಎರಡರ ನಡುವಿನ ಕಂದಕವನ್ನು ತುಂಬಲು ಹೋಗಲಿಲ್ಲ.

೫

ಇನ್ನು ಸಂಸ್ಕೃತಿಯ ಪ್ರಶ್ನೆ. ಇಂಥ ಶಿಕ್ಷಣ ನಮ್ಮ ನೆಲದ್ದಲ್ಲವೆಂಬ ವಾದಕ್ಕೆ ಎದುರಾಳಿಗಳು ಸಾಮಾನ್ಯವಾಗಿ ಕೊಡುವ ಉತ್ತರವೊಂದುಂಟು: ಕಾಮಶಾಸ್ತ್ರ ಬರೆದ ನಾಡಿದು, ದೇವಾಲಯದ ಭಿತ್ತಿಯ ಮೇಲೆ ಮಿಥುನಶಿಲ್ಪ ಕಡೆದ ನಾಡಿದು ಎಂದು. ಕನ್ನಡದಲ್ಲಿಯೇ ಹನ್ನೊಂದನೆಯ ಶತಮಾನದಲ್ಲಿ ಚಂದ್ರರಾಜನು ‘ಮದನತಿಲಕ’ವನ್ನು ರಚಿಸಿದ್ದಾನೆ. ಆದರೆ ಈ ಉತ್ತರವನ್ನು ನಾವು ಒಪ್ಪಲಾರೆವು. ಆ ಗ್ರಂಥಗಳು ಹುಟ್ಟಿದ್ದು ಆಸ್ಥಾನದ ರಸಿಕರಿಗಾಗಿ; ಒಕ್ಕಲುಮಗಳಿಗಾಗಿ ಅಲ್ಲ, ಶಾಲೆಯ ಹುಡುಗನಿಗಾಗಿ ಅಲ್ಲ. ಅವುಗಳಿಂದ ಇಂದಿನ ಪಠ್ಯಕ್ರಮಕ್ಕೆ ಪ್ರಮಾಣವನ್ನು ತರುವುದು ಇತಿಹಾಸದ ದುರುಪಯೋಗ. ಪ್ರಾಚೀನರು ಮೌನಿಗಳಾಗಿದ್ದರೆಂಬುದೂ ತಪ್ಪು, ಪ್ರಾಚೀನರು ನಮ್ಮ ಪರವಾಗಿದ್ದರೆಂಬುದೂ ತಪ್ಪು.

ನಿಜವಾದ ಸಾಕ್ಷ್ಯವು ಇನ್ನೂ ಹತ್ತಿರದ ಕಾಲದ್ದು. ೧೮೯೧ರಲ್ಲಿ ಬ್ರಿಟಿಷ್ ಭಾರತದಲ್ಲಿ ಹುಡುಗಿಯ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಧರ್ಮ ಮುಳುಗಿತೆಂಬ ಕೂಗು ಎದ್ದಿತು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಇದೇ ಮೈಸೂರು ಸರ್ಕಾರ, ಸರ್ ಮಿರ್ಜಾ ಇಸ್ಮಾಯಿಲ್ಲರ ದಿವಾನಗಿರಿಯ ಕಾಲದಲ್ಲಿ, ೧೯೩೦ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿಯೇ ಇಂಥ ಚಿಕಿತ್ಸಾಲಯವನ್ನು ನಡೆಸಲು ತೊಡಗಿ, ೧೯೨೭ರಿಂದ ೧೯೫೩ರವರೆಗೆ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ಹೊರತಂದರು, ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಮೊಕದ್ದಮೆಯೊಂದರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರರು.

ಇವರೆಲ್ಲ ಸುಧಾರಕರೆಂದು ಬದಿಗೆ ಸರಿಸುವವರು ಗಾಂಧೀಜಿಯವರನ್ನು ಬದಿಗೆ ಸರಿಸಲಾರರು. ಸಂತಾನನಿರೋಧದ ಕೃತಕ ಸಾಧನಗಳನ್ನು ಅವರು ಕೊನೆಯವರೆಗೂ ವಿರೋಧಿಸಿದರು. ೧೯೩೫ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರರ ವಾದಕ್ಕೆ ಅವರು ಮಣಿಯಲಿಲ್ಲ. ಅಂಥವರೂ ೧೯೩೬ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಕಾಮವಿಜ್ಞಾನದ ಬೋಧನೆಯ ವಿಷಯವನ್ನು ಎತ್ತಿಕೊಂಡಾಗ ಮೌನವನ್ನು ಶಿಫಾರಸು ಮಾಡಲಿಲ್ಲ. ವಾಸನೆಯನ್ನು ಕೆರಳಿಸುವ ವಿದ್ಯೆ ಬೇರೆ, ಅದನ್ನು ಗೆಲ್ಲಲು ನೆರವಾಗುವ ವಿದ್ಯೆ ಬೇರೆ ಎಂದು ವಿಂಗಡಿಸಿ, ಎರಡನೆಯದು ಮಗುವಿನ ಶಿಕ್ಷಣದಲ್ಲಿ ಅವಶ್ಯವಾದುದೆಂದರು. ತಮ್ಮ ಜನನಾಂಗಗಳ ಅರ್ಥವನ್ನೂ ಸದುಪಯೋಗವನ್ನೂ ಮಕ್ಕಳು ತಿಳಿಯಬೇಕೆಂದರು. ಅವರ ಬ್ರಹ್ಮಚರ್ಯದ ಗುರಿಯನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಸಂಯಮವನ್ನು ಬಯಸಿದವರೂ ಅಜ್ಞಾನವನ್ನು ಬಯಸಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಸಂಯಮಕ್ಕೆ ಅಜ್ಞಾನವೇ ಕಾವಲೆಂಬ ಭಾವನೆಗೆ ಗಾಂಧೀಜಿಯವರ ಆಧಾರವಿಲ್ಲ. ಅನುಭವದ ಆಧಾರವೂ ಇಲ್ಲ. ಸಮಿತಿಯ ವರದಿ ಹೊರಬಂದ ೨೦೦೯ರಲ್ಲಿಯೇ ಯುನೆಸ್ಕೋ ಸಂಸ್ಥೆ ಪ್ರಕಟಿಸಿದ ಮಾರ್ಗದರ್ಶಿಯು ನಾನಾ ದೇಶಗಳ ಅಧ್ಯಯನಗಳನ್ನು ಒರೆಗೆ ಹಚ್ಚಿತು. ಇಂಥ ಶಿಕ್ಷಣವು ಮಕ್ಕಳನ್ನು ಅಕಾಲದಲ್ಲಿ ಲೈಂಗಿಕ ವ್ಯವಹಾರಕ್ಕೆ ಇಳಿಸುತ್ತದೆಂಬ ಭಯಕ್ಕೆ ಆಧಾರ ಕಾಣಲಿಲ್ಲ. ೨೦೧೮ರ ಪರಿಷ್ಕೃತ ಆವೃತ್ತಿಯೂ ಅದೇ ನಿರ್ಣಯಕ್ಕೆ ಬಂದಿತು.

೬

ಇಷ್ಟು ಹೇಳಿದ ಮೇಲೆ ವರದಿಯ ವಿರೋಧಿಗಳ ಪಕ್ಷವನ್ನೂ ಪರೀಕ್ಷಿಸುವುದು ನ್ಯಾಯ. ಮೇಲೆ ಹೇಳಿದ ಘಟನೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಕ್ರಮ ಗೋಚರಿಸುತ್ತದೆ. ದೇಹದ ತಿಳಿವಳಿಕೆಯು ನಮ್ಮ ಸಾರ್ವಜನಿಕ ನೀತಿಯೊಳಕ್ಕೆ ಬಂದಾಗಲೆಲ್ಲ ಬೇರೆ ಯಾವುದೋ ಕಾರ್ಯದ ಹೆಗಲೇರಿ ಬಂದಿದೆ. ೧೮೯೦ರ ದಶಕದಲ್ಲಿ ಮದುವೆಯ ವಯಸ್ಸಿನ ನೆಪ. ೧೯೩೦ರಲ್ಲಿ ಸಂತಾನಮಿತಿಯ ನೆಪ. ೧೯೫೨ರಲ್ಲಿ ಕುಟುಂಬಯೋಜನೆಯು ರಾಷ್ಟ್ರದ ಕಾರ್ಯಕ್ರಮವಾಯಿತು. ೧೯೬೯ರಲ್ಲಿ ಮುಂಬಯಿಯಲ್ಲಿ ನಡೆದ ವಿಚಾರಸಂಕಿರಣದಿಂದ ‘ಜನಸಂಖ್ಯಾ ಶಿಕ್ಷಣ’ವೆಂಬ ಹೆಸರು ಚಲಾವಣೆಗೆ ಬಂದು, ೧೯೮೦ರಲ್ಲಿ ಅದೇ ಒಂದು ರಾಷ್ಟ್ರೀಯ ಯೋಜನೆಯಾಯಿತು. ೧೯೯೪ರ ಕೈರೋ ಸಮ್ಮೇಳನವು ಜನಸಂಖ್ಯೆಯ ಲೆಕ್ಕಕ್ಕಿಂತ ವ್ಯಕ್ತಿಯ ಆರೋಗ್ಯಕ್ಕೂ ಹಕ್ಕಿಗೂ ಪ್ರಾಶಸ್ತ್ಯವಿತ್ತರೂ, ೨೦೦೫ರಲ್ಲಿ ನಮ್ಮ ಶಾಲೆಯ ಬಾಗಿಲನ್ನು ತಟ್ಟಿದ್ದು ಏಡ್ಸ್ ನಿಯಂತ್ರಣ ಸಂಸ್ಥೆ.

ಹೀಗೆ ಮಗುವು ಒಮ್ಮೆ ಮುಂದಿನ ಜನಸಂಖ್ಯೆಯ ಒಂದು ಅಂಕಿಯಾಯಿತು, ಇನ್ನೊಮ್ಮೆ ಸೋಂಕಿನ ಸಂಭಾವ್ಯ ವಾಹಕವಾಯಿತು. ತನ್ನ ದೇಹವನ್ನು ತಾನು ಅರಿಯುವುದು ಆ ಮಗುವಿನದೇ ಹಕ್ಕು ಎಂಬ ನೆಲೆಯಿಂದ ವಿಷಯ ಹೊರಡಲಿಲ್ಲ. ಸಾಹಿತ್ಯದಲ್ಲಿಯೂ ಸ್ಥಿತಿ ಬಹಳ ಭಿನ್ನವಲ್ಲ. ಡಾ. ಅನುಪಮಾ ನಿರಂಜನ ಅವರಂಥ ವೈದ್ಯ ಲೇಖಕಿಯರು ಕನ್ನಡದ ಓದುಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ‘ದಾಂಪತ್ಯ ದೀಪಿಕೆ’ ಎಂಬ ಅವರ ಪುಸ್ತಕದ ಹೆಸರೇ ಸೂಚಿಸುವಂತೆ, ಆ ದೀಪವನ್ನು ಹಚ್ಚಬಹುದಾಗಿದ್ದುದು ದಾಂಪತ್ಯದ ಹೊಸ್ತಿಲಿನಲ್ಲಿ. ರೋಗದ ಭಯದಿಂದ ಆರಂಭವಾದ ಪಾಠವು ಭಯವನ್ನೇ ಕಲಿಸುತ್ತದೆ. ಭಯವನ್ನು ಕಂಡ ಪಾಲಕರು ಪ್ರತಿಭಯದಿಂದ ಅದನ್ನು ತಡೆಯುತ್ತಾರೆ. ೨೦೦೭ರ ಗಲಭೆಗೆ ಚಿತ್ರಪಟಗಳು ನಿಮಿತ್ತ ಮಾತ್ರ.

೭

ಈಗ ಕೊನೆಯ ಪ್ರಶ್ನೆ: ವರದಿಯಲ್ಲಿ ಕಾಣಿಸದವರು ಯಾರು? ರಾಜ್ಯಗಳು ಪಾಠವನ್ನು ನಿಲ್ಲಿಸಿದ ಅದೇ ೨೦೦೭ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನವೊಂದನ್ನು ಪ್ರಕಟಿಸಿತು. ಹದಿಮೂರು ರಾಜ್ಯಗಳ ೧೨,೪೪೭ ಮಕ್ಕಳನ್ನು ಅದಕ್ಕಾಗಿ ಕೇಳಲಾಗಿತ್ತು. ಅವರಲ್ಲಿ ಶೇಕಡಾ ೫೩.೨೨ ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದುದಾಗಿ ಹೇಳಿದರು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಇದನ್ನು ಯಾರಿಗೂ ಹೇಳಿರಲಿಲ್ಲ.

ಸಮಿತಿಯ ಕಲ್ಪನೆಯಲ್ಲಿರುವ ಮಗು ತಪ್ಪು ಮಾಡಬಹುದಾದ ಮಗು. ಅದನ್ನು ತಪ್ಪಿನಿಂದ ತಡೆಯಲು ನೀತಿಬೋಧೆ ಬೇಕು. ಅಧ್ಯಯನದಲ್ಲಿ ಮಾತನಾಡಿದ ಮಗು ತಪ್ಪು ಮಾಡದೆ ನೋವುಂಡ ಮಗು. ಇದಕ್ಕೆ ಸಂತರ ಚರಿತ್ರೆಯಿಂದ ಧೈರ್ಯ ಬರಬಹುದು, ಆದರೆ ಮಾತು ಬರಲಾರದು. ೨೦೧೨ರ ಪೋಕ್ಸೋ ಕಾಯಿದೆಯು ಹದಿನೆಂಟರೊಳಗಿನ ಎಲ್ಲರಿಗೂ ರಕ್ಷಣೆ ಕೊಟ್ಟು, ಮಗುವಿನ ಹೇಳಿಕೆಗೆ ಬಹಳ ಬೆಲೆಯನ್ನು ಕೊಟ್ಟಿತು. ಆ ಹೇಳಿಕೆಯನ್ನು ಮಗು ಯಾವ ಮಾತಿನಲ್ಲಿ ಕೊಡಬೇಕು? ನಮ್ಮ ಕನ್ನಡದಲ್ಲಿ ಈ ಅಂಗಗಳಿಗೆ ಎರಡೇ ಬಗೆಯ ಹೆಸರುಗಳು ಬಳಕೆಯಲ್ಲಿವೆ: ಒಂದು, ಪಠ್ಯಪುಸ್ತಕದ ಸಂಸ್ಕೃತ ಪದ, ಅದು ಮಗುವಿನ ಬಾಯಿಗೆ ಬಾರದು, ಇನ್ನೊಂದು, ಬೀದಿಯ ಬೈಗುಳ, ಅದನ್ನು ಆಡಿದರೆ ಮಗು ಏಟು ತಿನ್ನುತ್ತದೆ. ನಡುವೆ ‘ಅಲ್ಲಿ’ ಎಂಬ ಒಂದು ಸರ್ವನಾಮ ಉಳಿದಿದೆ. ಪೊಲೀಸರ ಮುಂದೆಯೂ ನ್ಯಾಯಾಧೀಶರ ಮುಂದೆಯೂ ಆ ಒಂದು ಸರ್ವನಾಮದ ಮೇಲೆ ಒಂದು ಮಗುವಿನ ನ್ಯಾಯವನ್ನು ನಿಲ್ಲಿಸುವುದು ಎಂಥ ನೀತಿ!

ವರದಿಯ ನಂತರ ಬಾಗಿಲು ಪೂರ್ತಿ ಮುಚ್ಚಲಿಲ್ಲ ಎಂಬುದು ಸಮಾಧಾನದ ಸಂಗತಿ. ೨೦೧೪ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ೨೦೨೦ರಲ್ಲಿ ಚಾಲನೆ ಪಡೆದ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ, ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ಸಿದ್ಧಗೊಳಿಸುವ ಏರ್ಪಾಡಿದ್ದು, ಅದರ ಹನ್ನೊಂದು ವಿಷಯಗಳಲ್ಲಿ ಸಂತಾನೋತ್ಪತ್ತಿಯ ಆರೋಗ್ಯವೂ ಎಚ್.ಐ.ವಿ. ತಡೆಯೂ ಸೇರಿವೆ. ೨೦೨೪ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಕುರಿತ ಒಂದು ತೀರ್ಪಿನಲ್ಲಿ, ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನು ಸ್ಪಷ್ಟವಾಗಿ ಸೂಚಿಸಿತು. ಆದರೆ ಹನ್ನೊಂದು ವಿಷಯಗಳ ನಡುವೆ ಒಂದನ್ನು ಮೆಲ್ಲಗೆ ಸೇರಿಸುವುದು ಹಳೆಯ ಅಂಜಿಕೆಯ ಇನ್ನೊಂದು ರೂಪವೇ ಆಗಿದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದ್ದೇ ಇದೆ. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುವುವ ಶಿಕ್ಷಕನ ಕೈಯಲ್ಲಿ ಅದು ಇದ್ದೂ ಇಲ್ಲದಂತೆ.

ನಮ್ಮ ನಿರ್ಣಯವನ್ನು ಸಂಗ್ರಹಿಸಿ ಹೇಳುವುದಾದರೆ, ೨೦೦೯ರ ವರದಿಯು ಹೆಸರಿನ ಅಪ್ರಾಮಾಣಿಕತೆಯನ್ನು ಸರಿಯಾಗಿಯೇ ಗುರುತಿಸಿತು, ಆದರೆ ಪರಿಹಾರವಾಗಿ ಮೌನವನ್ನು ಸೂಚಿಸಿತು. ಸಂಸ್ಕೃತಿಯ ಪರವಾಗಿ ಮಾತನಾಡಿತು, ಆದರೆ ಆ ಸಂಸ್ಕೃತಿಯೇ ಒಂದು ಶತಮಾನಕ್ಕೂ ಮಿಕ್ಕಿ ನಡೆಸಿದ ಆತ್ಮವಿಮರ್ಶೆಯನ್ನು ಗಣಿಸಲಿಲ್ಲ. ಮಕ್ಕಳ ಹಿತವನ್ನು ಬಯಸಿತು, ಆದರೆ ಮಕ್ಕಳು ಹೇಳಿದ್ದನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಅದನ್ನು ವಿರೋಧಿಸುವವರ ಮೇಲೆಯೂ ಒಂದು ಹೊಣೆಯುಂಟು: ಪಾಲಕರನ್ನು ಜೊತೆಗೆ ಕರೆದುಕೊಳ್ಳುವುದು, ಶಿಕ್ಷಕರಿಗೆ ಪುಸ್ತಕಕ್ಕಿಂತ ಮುಂಚೆ ತರಬೇತಿ ಕೊಡುವುದು, ಎಲ್ಲಕ್ಕಿಂತ ಮೊದಲು ಮಗು ನಾಚದೆ ಆಡಬಹುದಾದ, ಹಿರಿಯರು ಗದರದೆ ಕೇಳಬಹುದಾದ ಕನ್ನಡದ ಮಾತುಗಳನ್ನು ರೂಢಿಗೆ ತರುವುದು. ಈ ಕೊನೆಯ ಕೆಲಸ ದೆಹಲಿಯ ಸಮಿತಿಗಳಿಂದ ಆಗತಕ್ಕದ್ದಲ್ಲ. ಅದು ಈ ಭಾಷೆಯಲ್ಲಿ ಪಾಠ ಹೇಳುವವರ, ಪಠ್ಯ ಬರೆಯುವವರ, ಎಂದರೆ ನಮ್ಮದೇ ಕೆಲಸ.